ಎರಡನೇ ಮನುಷ್ಯನೂ ನಾನೇ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆ ಆಕ್ಷೇಪಣೆಯನ್ನು ನಾನು ಲೋಕಕ್ಕೆ ಒಳ್ಳೆಯದಾಗಲಿ ಎಂದು ಬರೆಯಲಿಲ್ಲ. ನಮ್ಮ ಮ್ಯಾನೇಜರ್ ಸಾಹೇಬರ ಮುಖ ಇಳಿಯುವುದನ್ನು ಕಣ್ಣಾರೆ ನೋಡಬೇಕು ಎಂಬ ಒಂದೇ ಆಸೆಗೆ ಬರೆದೆ. ಅದರಿಂದ ಲೋಕಕ್ಕೆ ಚೂರುಪಾರು ಉಪಕಾರವಾಗಿದ್ದರೆ, ಸಾಹೇಬರಿಗೆ ಗುರಿಯಿಟ್ಟ ಕಲ್ಲು ಆಚೆ ಹೋಗಿ ಯಾರದೋ ಮಾವಿನಕಾಯಿ ಉದುರಿಸಿತು ಎಂದುಕೊಳ್ಳಿ.

ಹಾವೇರಿಯಲ್ಲಿ ಬೀಜ-ಗೊಬ್ಬರದ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಎಂಟು ಕಂಪ್ಯೂಟರು, ಒಂದು ಎಸಿ. ಎಸಿ ಸಾಹೇಬರ ಕೋಣೆಯಲ್ಲಿ, ಕಂಪ್ಯೂಟರು ನಮ್ಮ ಕೋಣೆಯಲ್ಲಿ. ಡ್ರೋನ್ ಮೇಲಿಂದ ತೆಗೆದ ಫೋಟೋಗಳು ಬರುತ್ತಿದ್ದವು. ಅವುಗಳಲ್ಲಿ ಕಂಡದ್ದಕ್ಕೆಲ್ಲ ಸುತ್ತ ಒಂದು ಚೌಕಟ್ಟು ಎಳೆದು, ಪಕ್ಕದ ಪಟ್ಟಿಯಿಂದ ಹೆಸರು ಆರಿಸಬೇಕು: ಮನುಷ್ಯ, ಆಯುಧವಿರುವ ಮನುಷ್ಯ, ಸಂಘಟಿತ ಗುಂಪು, ವಾಹನ, ಪ್ರಾಣಿ, ಕಟ್ಟಡ. ನಾವು ಎಳೆದ ಚೌಕಟ್ಟುಗಳನ್ನು ನೋಡಿ ನೋಡಿ ಯಂತ್ರ ಕಲಿಯುತ್ತದೆ. ಕಲಿತ ಯಂತ್ರವನ್ನು ಯಾವುದೋ ದೇಶದ ಸೈನ್ಯ ಕೊಳ್ಳುತ್ತದೆ. ಫೋಟೋದಲ್ಲಿ ಕಾಣುತ್ತಿದ್ದದ್ದು ಮಣ್ಣಿನ ಗೋಡೆ, ಬೋಳು ನೆಲ, ಅಲ್ಲೊಂದು ಇಲ್ಲೊಂದು ಗಿಡ. ಅದು ಎಲ್ಲಿಯದೆಂದು ಒಂದು ದಿನ ತಡೆಯಲಾರದೆ ಸಾಹೇಬರನ್ನು ಕೇಳಿದೆ.

"ಸರ, ಇದು ಯಾ ದೇಶದ್ರಿ?"

"ನಿನಗ್ಯಾಕ ಬೇಕಲೇ? ಕನ್ಯಾ ನೋಡಾಕ ಹೊಂಟೀಯೇನು?"

ಅಷ್ಟಕ್ಕೆ ನಮ್ಮ ಅಂತರರಾಷ್ಟ್ರೀಯ ಚರ್ಚೆ ಮುಗಿಯಿತು.

ಕೆಲಸಕ್ಕೊಂದು ನಿಯಮದ ಪುಸ್ತಕ ಇತ್ತು. ಅದರ ಜೀವ ಎರಡು ಸಾಲಿನಲ್ಲಿ. ಒಂದು: ಮೂವರು ಅಥವಾ ಹೆಚ್ಚು ಜನ ಸಮ ಅಂತರದಲ್ಲಿ ಸಾಲಾಗಿ ನಡೆಯುತ್ತಿದ್ದರೆ 'ಸಂಘಟಿತ ಗುಂಪು'. ಎರಡು: ಕೈಯಲ್ಲಿ ಉದ್ದನೆಯ ವಸ್ತುವಿದ್ದು ಅನುಮಾನ ಬಂದರೆ 'ಆಯುಧ'. ಅನುಮಾನ ಬಂದರೆ ನಿಲ್ಲಿ, ಯೋಚಿಸಿ, ಕೇಳಿ ಎಂದು ಎಲ್ಲಿಯೂ ಇರಲಿಲ್ಲ.

ಒಬ್ಬರು ಗುರುತು ಹಾಕಿದ್ದನ್ನು ಇನ್ನೊಬ್ಬರು ತಮ್ಮ ಐಡಿಯಿಂದ ಲಾಗಿನ್ ಆಗಿ ಪರಿಶೀಲಿಸಬೇಕು. ನನ್ನ ಕೆಲಸ ನೋಡುವವಳು ಪಕ್ಕದ ಕುರ್ಚಿಯ ಅಕ್ಕ. ಸ್ವಂತ ಅಕ್ಕ ಅಲ್ಲ, ಆದರೆ ಬೈಯುವುದರಲ್ಲಿ ಸ್ವಂತಕ್ಕಿಂತ ಒಂದು ಕೈ ಮೇಲು. ನನ್ನ ಸಾಧನೆಗಳೂ ಹಾಗೇ ಇದ್ದವು. ಒಮ್ಮೆ ಗೋಡೆಯ ಮೇಲೆ ಒಣಹಾಕಿದ ಕಂಬಳಿಗೆ ಚೌಕಟ್ಟು ಎಳೆದು 'ಮನುಷ್ಯ' ಎಂದು ಒತ್ತಿದ್ದೆ.

"ಲೇ ತಮ್ಮಾ, ಇವನ ಕಾಲೆಲ್ಲಿ ಅದಾವೋ?"

"ಹೊದಕೊಂಡ ಮಲಗ್ಯಾನಕ್ಕ."

"ಗ್ವಾಡಿ ಮ್ಯಾಲ?"

ಅಕ್ಕ ಇರುವ ತನಕ ನನ್ನ ತಪ್ಪುಗಳು ಹಾವೇರಿಯ ಗಡಿ ದಾಟಲಿಲ್ಲ. ಆಮೇಲೆ ಅವಳು ಹೆರಿಗೆಗೆಂದು ರಾಣೆಬೆನ್ನೂರಿನ ತವರಿಗೆ ಹೋದಳು. ಅವಳ ಜಾಗಕ್ಕೆ ಬೇರೆಯವರು ಬರಲಿಲ್ಲ. ಸಾಹೇಬರು ನನ್ನನ್ನು ಎಸಿ ಕೋಣೆಗೆ ಕರೆದರು. ಅಲ್ಲಿಗೆ ಕರೆದರೆಂಬ ಹೆಮ್ಮೆಯಲ್ಲೇ ನಾನು ಅರ್ಧ ಒಪ್ಪಿಬಿಟ್ಟಿದ್ದೆ.

"ಅಕಿ ಪಾಸ್‌ವರ್ಡ್ ನನ್ನ ಹತ್ರ ಐತಿ. ಮುಂಜಾನೆ ನಿನ್ನ ಐಡಿ ಮ್ಯಾಲ ಗುರ್ತ ಹಾಕು. ಮಧ್ಯಾಹ್ನ ಅಕಿ ಐಡಿ ಮ್ಯಾಲ ಓಕೆ ಮಾಡು."

"ಸರ, ನಾ ಮಾಡಿದ್ದನ್ನ ನಾನ ನೋಡಿದ್ರ ಹೆಂಗ್ರಿ? ಇಬ್ಬರು ಬ್ಯಾರೆ ಮನಷ್ಯಾರು ಇರಬೇಕಂತಲ್ರಿ."

"ಊಟ ಮಾಡಿ ಬಂದ ಮ್ಯಾಲ ನೀ ಬ್ಯಾರೆ ಮನಷ್ಯಾನ ಅಲ್ಲೇನು? ಹೊಟ್ಟಿ ತುಂಬಿರತೈತಿ."

ನಾನು ನಕ್ಕೆ. ಆ ನಗುವಿಗೆ ಈಗಲೂ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಎರಡನೇ ಮನುಷ್ಯನಾಗಲು ಪ್ರಾಮಾಣಿಕವಾಗಿಯೇ ಯತ್ನಿಸಿದೆ. ಮಧ್ಯಾಹ್ನ ಅಕ್ಕನ ಕುರ್ಚಿಗೆ ಹೋಗಿ ಕೂರುತ್ತಿದ್ದೆ. ಮೌಸನ್ನು ಎಡಗೈಯಲ್ಲಿ ಹಿಡಿಯುತ್ತಿದ್ದೆ. ಒಂದು ಸಲ ಅವಳ ಐಡಿಯಿಂದ ನನ್ನದೇ ಕೆಲಸವನ್ನು ವಾಪಸ್ ಕಳಿಸಿ, 'ಲಕ್ಷ್ಯ ಕೊಟ್ಟು ಮಾಡಿ' ಎಂದು ಷರಾ ಬರೆದೆ. ಮರುದಿನ ಬೆಳಿಗ್ಗೆ ಅದನ್ನು ಓದಿ ನನಗೇ ಅವಮಾನವಾಯಿತು. ಅಂದಿನಿಂದ ವಾಪಸ್ ಕಳಿಸುವುದನ್ನು ಬಿಟ್ಟೆ. ನನ್ನ ಮತ್ತು ನನ್ನ ನಡುವೆ ಸಂಪೂರ್ಣ ಸಹಮತ ಏರ್ಪಟ್ಟಿತು.

ಇದೇ ಹೊತ್ತಿಗೆ ನಮಗೆ ಕೆಲಸ ಕೊಡುವ ದೂರದ ಕಂಪನಿಯಿಂದ ಒಂದು ಮೇಲ್ ಬಂತು. ಯುದ್ಧದಲ್ಲಿ ಕೃತಕ ಬುದ್ಧಿಮತ್ತೆಯನ್ನು ಎಷ್ಟರಮಟ್ಟಿಗೆ ಬಿಡಬಹುದು, ಎಲ್ಲೆಲ್ಲಿ ಮನುಷ್ಯನ ಕೈ ಇರಲೇಬೇಕು ಎಂದು ನಿಯಮ ಬರೆಯಲು ಹಲವು ದೇಶಗಳವರು ಕೂಡುವವರಿದ್ದರು. ಅಲ್ಲಿ ಒಳ್ಳೆಯ ಪದ್ಧತಿಗೆ ಉದಾಹರಣೆಯಾಗಿ ನಾವು ಗುರುತು ಹಾಕಿದ ಫೋಟೋಗಳ ಒಂದು ಬ್ಯಾಚನ್ನು ಕಂಪನಿ ಮುಂದಿಡುವುದಿತ್ತು. 'ಪ್ರತಿ ಗುರುತನ್ನೂ ತರಬೇತಿ ಪಡೆದ ಇಬ್ಬರು ಬೇರೆ ಬೇರೆ ಮನುಷ್ಯರು ನೋಡಿದ್ದಾರೆ' ಎಂಬ ಮಾತು ಆ ನಿಯಮಗಳ ಕರಡಿನ ಹದಿನಾಲ್ಕನೇ ಪ್ಯಾರಾದಲ್ಲಿತ್ತು. ಅದಕ್ಕೆ ನಮ್ಮ ಆಫೀಸಿನಿಂದ ಒಂದು ಪುಟದ ವಿವರಣೆ ಬೇಕಂತೆ. ಇಂಗ್ಲಿಷಿನಲ್ಲಿ ಎಂ.ಎ. ಮಾಡಿದ್ದ ತಪ್ಪಿಗೆ ಅದನ್ನು ಬರೆಯುವ ಕೆಲಸ ನನಗೇ ಬಂತು. ಎರಡು ಜೋಡಿ ಕಣ್ಣು, ಎರಡು ಮನಸ್ಸು, ಒಂದು ಹೊಣೆ ಎಂದೆಲ್ಲ ಹೊಸೆದೆ. ಸಾಹೇಬರಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಬರೆಯುವಾಗ ನನಗೆ ನಗು ಬಂತು, ನಾಚಿಕೆ ಬರಲಿಲ್ಲ. ಅದನ್ನೂ ಇಲ್ಲಿ ಹೇಳಿಬಿಡುವುದು ಒಳ್ಳೆಯದು.

ಸೋಮವಾರದ ವಿಡಿಯೋ ಕರೆಯಲ್ಲಿ ನನ್ನ ಕತೆ ಮುಗಿಯಿತು. ಕಂಪನಿಯವನು ಆ ಬ್ಯಾಚಿನಿಂದ ಸುಮ್ಮನೆ ಒಂದು ಫೋಟೋ ಎತ್ತಿ ದೊಡ್ಡ ಪರದೆಯ ಮೇಲೆ ಹಾಕಿದ. ಹೊರೆ ಹೊತ್ತ ಒಂದು ಕತ್ತೆ. ಅದರ ಮೇಲೆ ನನ್ನ ಚೌಕಟ್ಟು: 'ವಾಹನ, ಎರಡು ಚಕ್ರ'. ಕೆಳಗೆ ಅಕ್ಕನ ಐಡಿಯ ಹಸಿರು ಗುರುತು. ಕೋಣೆಯವರೆಲ್ಲ ನಕ್ಕರು. ಸಾಹೇಬರು ಮಾತ್ರ ನಗಲಿಲ್ಲ. ತಪ್ಪು ಮಾಡಿದ ಇಬ್ಬರನ್ನೂ, ಆ ಹುಡುಗನನ್ನೂ ಆ ಹೆಂಗಸನ್ನೂ, ಈ ಕ್ಷಣದಿಂದಲೇ ತೆಗೆದಿದ್ದೇನೆ, ಬ್ಯಾಚಿನ ಉಳಿದದ್ದೆಲ್ಲ ಶುದ್ಧವಾಗಿದೆ ಎಂದು ಇಂಗ್ಲಿಷಿನಲ್ಲಿ ಕಂಪನಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆ ಕನ್ನಡದಲ್ಲಿ:

"ಬ್ಯಾಡಗ್ಯಾಗ ಮೆಣಸಿನಕಾಯಿ ಚೀಲಾ ಹೊರೂ ಮಂದೀನ್ನ ತಂದು ಕುರ್ಚಿ ಮ್ಯಾಲ ಕುಂದರಿಸಿದ್ರ ಹಿಂಗ ಆಕ್ಕೈತಿ. ಎದ್ದ ನಡಿ."

ದಿನವಿಡೀ ಚಟಾಕಿ ಹಾರಿಸುವ ನನ್ನ ಬಾಯಿಂದ ಆಗ ಹೊರಟ ಮಾತು: "ಥ್ಯಾಂಕ್ಯೂ ಸರ."

ಹಾವೇರಿಯಿಂದ ಬ್ಯಾಡಗಿಗೆ ಬರುವ ಬಸ್ಸಿನಲ್ಲಿ ಕೂತು, ಆಗ ಕೊಡಬೇಕಾಗಿದ್ದ ಉತ್ತರಗಳನ್ನೆಲ್ಲ ಗಟ್ಟಿಯಾಗಿಯೇ ಕೊಟ್ಟೆ. ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು. ಮನೆ ಮುಟ್ಟುವ ಹೊತ್ತಿಗೆ ಸೇಡಿನ ಹಲವು ಯೋಜನೆಗಳು ಸಿದ್ಧವಾಗಿದ್ದವು. ಎಸಿಯ ಗಾಳಿಕಂಡಿಗೆ ಖಾರದಪುಡಿ ಸುರಿಯುವುದು ಎಲ್ಲಕ್ಕಿಂತ ಚೆನ್ನಾಗಿತ್ತು, ಆದರೆ ಅದಕ್ಕೆ ಏಣಿ ಬೇಕು, ಏಣಿ ಹತ್ತಿದರೆ ನನಗೆ ತಲೆ ತಿರುಗುತ್ತದೆ. ಅವಮಾನ ಆಗಿದ್ದು ನನಗೊಬ್ಬನಿಗೇ ಎಂಬಂತೆ ಅಕ್ಕನ ನೆನಪೇ ಬರಲಿಲ್ಲ.

ಮರುದಿನ ಹೊಳೆಯಿತು. ದೇಶಗಳ ಸಭೆಯ ಆ ಕರಡು ವೆಬ್‌ಸೈಟಿನಲ್ಲಿತ್ತು. ಅದರ ಕೆಳಗೆ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸುವ ಒಂದು ಫಾರ್ಮು. ಶುಕ್ರವಾರ ಕೊನೆ. ಅದು ಕಳೆದರೆ ನಮ್ಮ ಬ್ಯಾಚು ಪಕ್ಕಾ ಆಗಿ ಯಂತ್ರದ ಹೊಟ್ಟೆಗೆ ಹೋಗುತ್ತದೆ. ಫಾರ್ಮಿನಲ್ಲಿ ಹೆಸರು ಮುಚ್ಚಿಡುವ ಅನುಕೂಲವೂ ಇತ್ತು. ಹೆಸರು ಹೇಳದೆ ಹೊಡೆಯುವುದಕ್ಕಿಂತ ಸುಖ ಏನಿದೆ? ಕೂತು ಹದಿನೇಳು ಪುಟ ಬರೆದೆ. ಸಾಹೇಬರ ಸೆಂಟಿನ ವಾಸನೆ, ಅವರು ನಿದ್ದೆ ಮಾಡುವ ಭಂಗಿ, ಎಲ್ಲವೂ ಅದರಲ್ಲಿ ದಾಖಲಾದವು.

ಹನ್ನೆರಡನೇ ಪುಟದಲ್ಲಿದ್ದಾಗ ಅವ್ವ ಹಿತ್ತಲಿನಿಂದ ನೀರು ಕೇಳಿದಳು. ಕೊಡ ಮೇಲಿತ್ತು, ಮೆಟ್ಟಿಲು ಹತ್ತಿ ಮಾಳಿಗೆಗೆ ಹೋದೆ. ಕೆಳಗೆ ಹಿತ್ತಲಿನ ಬಯಲಲ್ಲಿ ತಾಡಪಾಲಿನ ಮೇಲೆ ಮೆಣಸಿನಕಾಯಿ ಹರಡಿತ್ತು. ಅವ್ವ ಮತ್ತು ನೆರೆಮನೆಯ ಇಬ್ಬರು ಅದನ್ನು ಕಾಲಿನಿಂದ ಕೈಯಾಡಿಸುತ್ತಿದ್ದರು, ಅಂದರೆ ಕಾಲೆಳೆಯುತ್ತಾ ನಡೆದು ಅಡಿಯ ಕಾಯನ್ನು ಮೇಲೆ ತರುತ್ತಿದ್ದರು. ಮೂವರೂ ಒಂದೇ ಸಾಲು, ಒಂದೇ ಅಂತರ, ಒಂದೇ ವೇಗ. ಅವರ ಹಿಂದೆ ಉದ್ದಕ್ಕೂ ಜೋಡಿ ಜೋಡಿ ಗೆರೆ. ಅಂಚಿನಲ್ಲಿ ನಾಲ್ಕನೆಯವಳೊಬ್ಬಳು ಉದ್ದ ಹಿಡಿಕೆಯ ಹಲಗೆಯಿಂದ ಚದುರಿದ ಕಾಯನ್ನು ಒಳಗೆ ಎಳೆಯುತ್ತಿದ್ದಳು.

ಹುಟ್ಟಿದಾಗಿನಿಂದ ನೋಡಿದ್ದು. ಆದರೆ ಮೇಲಿಂದ ನೋಡಿರಲಿಲ್ಲ. ತಪ್ಪಾಯಿತು, ನೋಡಿದ್ದೆ. ಹಾವೇರಿಯ ಆಫೀಸಿನಲ್ಲಿ.

ಅದೇ ಬ್ಯಾಚಿನಲ್ಲಿ ಒಂದೇ ಜಾಗದ ಫೋಟೋಗಳ ದೊಡ್ಡ ಸರಣಿ ಇತ್ತು. ಗಾಢ ಬಣ್ಣದ ನೆಲ, ಸಮ ಅಂತರದಲ್ಲಿ ಮೂವರು, ಅಂಚಿನಲ್ಲಿ ಉದ್ದ ವಸ್ತು ಹಿಡಿದ ಒಬ್ಬರು. ಹಿಂದಿನ ಗೆರೆಗಳನ್ನು ನಾನು ಗಾಡಿಯ ಚಕ್ರದ ಗುರುತು ಎಂದುಕೊಂಡಿದ್ದೆ. ನಿಯಮದ ಪ್ರಕಾರ ಬೆಳಿಗ್ಗೆ ಬಲಗೈಯಲ್ಲಿ 'ಸಂಘಟಿತ ಗುಂಪು, ಆಯುಧವಿದೆ' ಎಂದು ಒತ್ತಿದ್ದೆ. ಮಧ್ಯಾಹ್ನ ಎಡಗೈಯಲ್ಲಿ ಹೌದು ಎಂದಿದ್ದೆ.

"ಅವ್ವಾ, ಹಂಗ್ಯಾಕ ಸಮಾ ಅಂತರಾ ಬಿಟ್ಟ ನಡೀತೀರಿ?"

"ಒತ್ತಿ ನಡದ್ರ ಕಾಯಿ ತುಳಿತುಳದ ಒಡೀತಾವು. ಅಗಲ ಬಿಟ್ರ ನಡಬರಕ ಹಸಿ ಉಳೀತೈತಿ. ಬ್ಯಾಡಗ್ಯಾಗ ಹುಟ್ಟಿ ಇದನ್ನ ಈಗ ಕೇಳ್ತೀಯಲ್ಲೋ?"

"ಎಂ.ಎ. ಓದ್ಯಾನಲ್ಲವ್ವ," ಎಂದಳು ನೆರೆಮನೆಯವಳು, ಕಾಲು ನಿಲ್ಲಿಸದೆ.

ಅವರೆಲ್ಲ ನಕ್ಕರು. ನಾನು ಕೊಡದ ಪಕ್ಕ ಕೂತುಬಿಟ್ಟೆ. ಆ ಫೋಟೋದವರು ಏನು ಒಣಗಿಸುತ್ತಿದ್ದರೋ ಗೊತ್ತಿಲ್ಲ. ಅವರು ಬಂದೂಕಿನವರು ಎಂದು ಯಂತ್ರಕ್ಕೆ ಕಲಿಸಿದವನು ನಾನು. ಇನ್ನು ಮೂರೇ ದಿನಕ್ಕೆ ಅದು ಪಕ್ಕಾ ಆಗುವುದಿತ್ತು. ಅದರ ಕೆಳಗಿನ ಹಸಿರು ಗುರುತು ಅಕ್ಕನದು.

ಬುಧವಾರ ಬೆಳಿಗ್ಗೆಯ ಬಸ್ಸಿಗೆ ರಾಣೆಬೆನ್ನೂರಿಗೆ ಹೋದೆ. ಅಕ್ಕ ಕೂಸನ್ನು ಕಾಲಮೇಲೆ ಮಲಗಿಸಿಕೊಂಡು ಕೂತಿದ್ದಳು. ತೆಗೆದುಹಾಕಿದ ಮೇಲ್ ಅವಳಿಗೆ ಬಂದಿತ್ತು. ಜೊತೆಗೆ ಅವಳ ಐಡಿಯಿಂದ ಓಕೆ ಆದ ಫೋಟೋಗಳ ಪಟ್ಟಿ, ದಿನಾಂಕ ವೇಳೆ ಸಮೇತ. ಫೋನನ್ನು ನನ್ನ ಮೂಗಿಗೆ ಹಿಡಿದಳು.

"ಇದೇನ ಬಾಣಂತಿ ಮಾಡೂ ಕೆಲಸೇನೋ? ಈ ಕೂಸು ಹುಟ್ಟಿದ ದಿನ ದವಾಖಾನ್ಯಾಗ ಮಲಕೊಂಡ ನಾ ಇಷ್ಟ ಫೋಟೋ ನೋಡೇನಂತ!"

ಎಲ್ಲ ಹೇಳಿದೆ. ಕತ್ತೆಯ ಕತೆಗೆ ಅವಳ ತುಟಿ ಸ್ವಲ್ಪ ಅಲುಗಿತು. ಮೆಣಸಿನಕಾಯಿ ಹೆಂಗಸರ ಕತೆಗೆ ಕೂಸನ್ನು ಎತ್ತಿ ಎದೆಗೆ ಒತ್ತಿಕೊಂಡಳು.

"ನನ್ನ ಹೆಸರಿಲೇ? ನನ್ನ ಹೆಸರಿಲೇ ಆ ಹೆಣಮಕ್ಕಳನ್ನ ಬಂದೂಕಿನವರು ಅಂತ ಬರದೀಯಾ?"

ಮೆಚ್ಚಿಸಲೆಂದು ನನ್ನ ಹದಿನೇಳು ಪುಟ ಕೊಟ್ಟೆ. ಅಕ್ಕ ಪರಿಶೀಲಕಿಯಂತೆಯೇ ಓದಿದಳು.

"ಆ ಹೆಣಮಕ್ಕಳ ಸುದ್ದಿ ಎಲ್ಲೈತೋ?"

"ಹದಿನಾರನೇ ಪಾನಾದಾಗ ಐತಕ್ಕ."

"ಅಂವನ ಸೆಂಟಿನ ವಾಸನಿ ಎರಡನೇ ಪಾನಾದಾಗ. ನಿನ್ನ ಹೆಸರೆಲ್ಲಿ?"

"ಹಾಕಿಲ್ಲಕ್ಕ. ಹೆಸರ ಹಾಕಲಿಲ್ಲಂದ್ರ ಓದಿ ಇಟ್ಟಬಿಡ್ತಾರಂತ. ಹಾಕಿದ್ರಷ್ಟ ತನಿಖೆ ಮಾಡ್ತಾರಂತ."

"ಮತ್ತ ಹಾಕು."

"ಹಾಕಿದ್ರ ನಾನೂ ಸಿಕ್ಕೊಂತೇನಿ. ಮುಂದ ಎಲ್ಲೂ ಇಂಥಾ ಕೆಲಸಾ ಸಿಗೂದಿಲ್ಲ."

"ಒತ್ತಿದವ ಅಂವ ಅಲ್ಲ. ನೀನು. ಅಂವ ಹೇಳಿದ, ನೀ ನಕ್ಕೋತ ಒತ್ತಿದಿ. ಮೊದಲನೇ ಸಾಲ ನಿಂದ ಇರಬೇಕು, ಆಮ್ಯಾಲ ಅಂವಂದು. ಇಲ್ಲಾಂದ್ರ ನನ್ನ ಹೆಸರ ಎಲ್ಲೂ ಎತ್ತಬ್ಯಾಡ."

ಕೂಸು ಅಳಲು ಶುರುಮಾಡಿತು. ಅಲ್ಲಿಯವರೆಗೆ ನನ್ನ ತಲೆಯಲ್ಲಿದ್ದ ಕತೆಯಲ್ಲಿ ಅನ್ಯಾಯವಾದದ್ದು ನನಗೆ, ಮಾಡಿದ್ದು ಸಾಹೇಬರು. ಅಕ್ಕನ ಆ ಒಂದು ಮಾತಿಗೆ ಕತೆ ಮಗುಚಿಕೊಂಡಿತು. ಹಾಗೆಂದು ನನ್ನ ಸೇಡು ತಣ್ಣಗಾಯಿತು ಎಂದು ತಿಳಿಯಬೇಡಿ. ಸಾಹೇಬರನ್ನು ಕೆಡವಬೇಕಾದರೆ ಅವರ ಸೊಂಟ ಹಿಡಿದುಕೊಂಡೇ ಬೀಳಬೇಕು ಎಂಬುದು ಮಾತ್ರ ಸ್ಪಷ್ಟವಾಯಿತು. ಬೀಳುವುದರಲ್ಲಿ ನನಗೆ ಮೊದಲಿನಿಂದಲೂ ಅಭ್ಯಾಸವಿದೆ.

ಅಲ್ಲೇ ಕೂತು ಹೊಸದಾಗಿ ಬರೆದೆ. ಒಂದೂವರೆ ಪುಟ. 'ಹದಿನಾಲ್ಕನೇ ಪ್ಯಾರಾದಲ್ಲಿ ಹೇಳಿರುವ ಇಬ್ಬರು ಮನುಷ್ಯರೂ ನಾನೇ' ಎಂಬುದು ಮೊದಲ ಸಾಲು. ಕೆಳಗೆ ನನ್ನ ಹೆಸರು. ಆಮೇಲೆ ಸಾಹೇಬರ ಆದೇಶ, ಐಡಿಯ ಪಟ್ಟಿ, ಅಕ್ಕನ ದವಾಖಾನೆಯ ಡಿಸ್ಚಾರ್ಜ್ ಚೀಟಿ, ನೆನಪಿದ್ದಷ್ಟು ಫೋಟೋಗಳ ವಿವರ. ಕೊನೆಗೆ ಒಂದು ಬೇಡಿಕೆ: ಈ ಬ್ಯಾಚನ್ನು ತಡೆಯಿರಿ. ಸೆಂಟಿನ ಬಗ್ಗೆ ಒಂದೇ ಒಂದು ಸಾಲು ನುಸುಳಿಸಿದ್ದೆ. ಅಕ್ಕ ಅದನ್ನು ಅಳಿಸಿದಳು.

ಸಾಕ್ಷಿಗೆ ವಿಡಿಯೋ ಬೇಕಿತ್ತು. ಗುರುವಾರ ಮಾಳಿಗೆಯಿಂದ ಅವ್ವನವರ ನಡಿಗೆಯನ್ನು ತೆಗೆದೆ. ಫೈಲು ಭಾರವಾಗಿ ಫಾರ್ಮು ನುಂಗಲಿಲ್ಲ. ಇನ್ನೊಮ್ಮೆ ಚಿಕ್ಕದಾಗಿ ತೆಗೆಯಬೇಕು ಎಂದರೆ ಅವ್ವ ಒಳಗೆ ಹೋದವಳು ಬಹಳ ಹೊತ್ತು ಬರಲೇ ಇಲ್ಲ. ಬಂದಾಗ ಮದುವೆಯ ಇಳಕಲ್ ಸೀರೆ.

"ಅವ್ವಾ, ಒಣಾ ಹಾಕೂ ಕೆಲಸಕ್ಕ ಯಾರರ ಇದನ್ನ ಉಡತಾರೇನು?"

"ನಾಕ ದೇಶದ ಮಂದಿ ನೋಡ್ತಾರಂದಿ. ಮಾಸಿದ್ದ ಉಟ್ಟ ನಿಂದರಲೇನು?"

ಜರಿಯಂಚಿನ ಸೀರೆಯಲ್ಲೇ ಸಾಕ್ಷ್ಯ ಹೋಯಿತು.

ಎರಡು ವಾರದ ಬಳಿಕ ಸಾಹೇಬರ ಫೋನು ಬಂತು. ಅಷ್ಟು ಮೆತ್ತನೆಯ ದನಿ ಅವರಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ.

"ತಮ್ಮಾ, ಏನರ ಇದ್ರ ನಾವ ನಾವ ಕುಂತ ಮಾತಾಡೂಣಲಾ. ಅಷ್ಟ ದೂರ ಯಾಕ ಒಯ್ದಿ?"

"ಸರ, ಈಗ ಹಸಿವ್ಯಾಗೇತ್ರಿ. ಊಟ ಮಾಡಿ ಬಂದ ಮ್ಯಾಲ ಮಾತಾಡ್ತೇನಿ. ಆಗ ನಾ ಬ್ಯಾರೆ ಮನಷ್ಯಾ ಆಗಿರತೇನಿ."

ಫೋನ್ ಇಟ್ಟು ಇಡೀ ಓಣಿ ಒಂದು ಸುತ್ತು ಹಾಕಿ ಬಂದೆ. ಬಸ್ಸಿನಲ್ಲಿ ಪೋಲಾದ ಅಷ್ಟೂ ಉತ್ತರಗಳ ಬಾಕಿ ಆ ಒಂದರಲ್ಲಿ ತೀರಿತು.

ಮರುದಿನ ವಿಚಾರಣೆಯ ವಿಡಿಯೋ ಕರೆ. ಸಭೆಯ ಕಚೇರಿಯ ಒಬ್ಬ ಅಧಿಕಾರಿಣಿ, ಕಂಪನಿಯವನು, ಹಾವೇರಿಯಿಂದ ಸಾಹೇಬರು, ರಾಣೆಬೆನ್ನೂರಿನಿಂದ ಅಕ್ಕ, ಬ್ಯಾಡಗಿಯಿಂದ ನಾನು. ಐಡಿಯ ದಿನಾಂಕಗಳು ನೆಟ್‌ವರ್ಕಿನ ದೋಷ ಎಂದರು ಸಾಹೇಬರು. ಅಕ್ಕ ಡಿಸ್ಚಾರ್ಜ್ ಚೀಟಿಯನ್ನು ಕ್ಯಾಮೆರಾಗೆ ಹಿಡಿದಳು. ಅಧಿಕಾರಿಣಿ ಬರೆದುಕೊಂಡರು. ಸಾಹೇಬರು ಎಸಿಯಲ್ಲಿ ಕೂತು ಹಣೆ ಒರೆಸಿಕೊಂಡರು. ನಾನು ಆ ದೃಶ್ಯದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ.

ಆಮೇಲೆ ಅಧಿಕಾರಿಣಿ ಹೊಸ ಫೋಟೋ ಒಂದನ್ನು ಪರದೆಗೆ ಹಾಕಿ, ಇದಕ್ಕೆ ಏನೆಂದು ಗುರುತು ಹಾಕುತ್ತೀರಿ ಎಂದು ಒಬ್ಬೊಬ್ಬರನ್ನೇ ಕೇಳಿದರು. ಒಂದು ಗೋಡೆ, ನೆರಳು, ಒಬ್ಬ ಮನುಷ್ಯ, ಹೆಗಲ ಹತ್ತಿರ ಏನೋ ಉದ್ದನೆಯದು. ಸಾಹೇಬರು ಕ್ಷಣವೂ ತಡಮಾಡದೆ "ಆಯುಧ" ಎಂದರು. ನನ್ನ ಸರದಿ ಬಂತು. ಗೆದ್ದ ಹುರುಪಿನಲ್ಲಿದ್ದ ನನಗೆ ಆಗ ಇಡೀ ಪ್ರಪಂಚವೇ ಮೆಣಸಿನಕಾಯಿ ಕಣವಾಗಿ ಕಾಣುತ್ತಿತ್ತು. "ಹೊಲದ ಸಾಮಾನು!" ಎಂದು ಕೂಗಿದೆ.

ಅಕ್ಕ ಫೋಟೋವನ್ನು ಬಹಳ ಹೊತ್ತು ನೋಡಿದಳು. ನಂತರ, "ಇದೊಂದ ಫೋಟೋ ನೋಡಿ ಹೇಳಾಕ ಆಗೂದಿಲ್ರಿ. ನನಗ ಗೊತ್ತಾಗವಲ್ದು," ಎಂದಳು. ನಾನೇ ಅದನ್ನು ಇಂಗ್ಲಿಷಿಗೆ ಮಾಡಿ ಹೇಳಬೇಕಾಯಿತು.

ನಮಗೂ ಗೊತ್ತಾಗಿಲ್ಲ ಎಂದರು ಅಧಿಕಾರಿಣಿ. ಹೀಗೆ ಗೊತ್ತಾಗದಿದ್ದಾಗ ನಿಮ್ಮ ಪರದೆಯಲ್ಲಿ ಯಾವ ಗುಂಡಿ ಒತ್ತುತ್ತೀರಿ ಎಂದು ಅಕ್ಕನನ್ನು ಕೇಳಿದರು.

"ಒತ್ತಾಕ ಹಂಥಾದ್ದ ಇಲ್ಲಽ ಇಲ್ರಿ."

ಕಂಪನಿಯವನು ಸಾಹೇಬರನ್ನು ನೋಡಿದ. ಸಾಹೇಬರು ನಿಯಮದ ಪುಸ್ತಕವನ್ನು ನೋಡಿದರು. ಅಷ್ಟು ದೇಶಗಳವರು ಕೂಡಿ ಮನುಷ್ಯನ ಕೈ ಎಲ್ಲಿರಬೇಕೆಂದು ಬರೆಯುತ್ತಿದ್ದರು. ಆ ಮನುಷ್ಯನಿಗೆ 'ನನಗೆ ಗೊತ್ತಿಲ್ಲ' ಎನ್ನಲು ಜಾಗವೇ ಇರಲಿಲ್ಲ.

ಬ್ಯಾಚನ್ನು ಹಿಂತೆಗೆದರು. ಹದಿನಾಲ್ಕನೇ ಪ್ಯಾರಾ ಬದಲಾಯಿತು. ಎರಡನೇ ಪರಿಶೀಲಕರು ಮೊದಲನೆಯವರಿಗಿಂತ ಬೇರೆ ವ್ಯಕ್ತಿಯೇ ಆಗಿರತಕ್ಕದ್ದು ಎಂದು ಈಗಿನ ಕರಡಿನಲ್ಲಿದೆ. ಇಷ್ಟನ್ನು ಜಗತ್ತಿಗೆ ಬಿಡಿಸಿ ಹೇಳಬೇಕಾಗಿ ಬಂದದ್ದು ನನ್ನಿಂದ. ಕರಡು ಇನ್ನೂ ಕರಡೇ. ದೇಶಗಳು ಇನ್ನೂ ವಾದಿಸುತ್ತಿವೆ, ಮತ್ತು ನಮ್ಮಂಥ ಮಹಡಿಗಳು ಇನ್ನೆಷ್ಟು ಊರಲ್ಲಿವೆಯೋ, ಅಲ್ಲಿ ಊಟದ ನಂತರ ಯಾರು ಯಾರಾಗುತ್ತಾರೋ ನನಗೆ ತಿಳಿಯದು.

ಅಕ್ಕನ ಹೆಸರಿನಿಂದ ಆ ತಪ್ಪುಗಳನ್ನೆಲ್ಲ ತೆಗೆದು, ಕೆಲಸಕ್ಕೆ ವಾಪಸ್ ಕರೆದರು. ಹೋಗಬೇಡ ಅಂದೆ. "ನಾ ಹೋಗಲಿಲ್ಲಂದ್ರ ಅಲ್ಲಿ ನಿನ್ನಂಥವನ್ನ ಕುಂದರಸ್ತಾರ," ಎಂದಳು. ನನ್ನನ್ನು ಯಾರೂ ಕರೆಯಲಿಲ್ಲ, ಕರೆಯುವುದೂ ಇಲ್ಲ. ಈಗ ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಮೆಣಸಿನಕಾಯಿ ಚೀಲಗಳಿಗೆ ಚೀಟಿ ಅಂಟಿಸುತ್ತೇನೆ.

ಸಾಹೇಬರ ನೌಕರಿ ಮಾತ್ರ ಹೋಗಲಿಲ್ಲ. ಅದು ತಿಳಿದ ದಿನ ನನಗೆ ಊಟ ಸೇರಲಿಲ್ಲ. ಆದರೆ ಕಂಪನಿಯು ಪರದೆಯಲ್ಲಿ 'ಗೊತ್ತಾಗುತ್ತಿಲ್ಲ' ಎಂಬ ಗುಂಡಿ ಸೇರಿಸಿ, ಅದನ್ನು ಒತ್ತಿದ ಪ್ರತಿ ಫೋಟೋವನ್ನೂ ಮ್ಯಾನೇಜರ್ ಸ್ವತಃ ನೋಡಬೇಕು, ತನ್ನ ತೀರ್ಮಾನಕ್ಕೆ ಕಾರಣವನ್ನು ಇಂಗ್ಲಿಷಿನಲ್ಲಿ ಬರೆದು ತನ್ನ ಹೆಸರು ಹಾಕಬೇಕು ಎಂದು ಕಟ್ಟುಮಾಡಿದೆ. ಸಾಹೇಬರ ಇಂಗ್ಲಿಷ್ ಬಾಯಿಮಾತಿಗಷ್ಟೇ, ಬರೆದುಕೊಡುವ ಎಂ.ಎ. ಈಗ ಆಫೀಸಿನಲ್ಲಿಲ್ಲ.

ಅಕ್ಕ ದಿನಾ ಸಂಜೆ ಬಸ್ಸಿಳಿದು ಫೋನ್ ಮಾಡುತ್ತಾಳೆ.

"ಇವತ್ತ ಅರವತ್ತೆರಡು ಕಳಿಸೇನಿ ಅವಗ. ನಾ ಹೊಂಟಾಗ ಇನ್ನೂ ಒಂಬತ್ತನೇದ್ದಕ್ಕ ಕುಂತಿದ್ದ."

"ಅಕ್ಕಾ, ನನ್ನ ಸಲುವಾಗಿ ದಿನಾ ಒಂದ ಹತ್ತ ಹೆಚ್ಚಿಗಿ ಒತ್ತ ಬಿಡಲಾ."

"ಸುಳ್ಳ ಒತ್ತೂದಿಲ್ಲ ನಾ. ಖರೇನ ಗೊತ್ತಾಗಲಾರದ್ದ ಬೇಕಾದಷ್ಟ ಬರತಾವು."